ಕೋಲು ನಿಲ್ಲುವ ಜಾಗ

ಅವಳು ಮುಟ್ಟಿದ್ದು ಅವನ ಭುಜವನ್ನು, ಅಷ್ಟೇ.

ಹಿತ್ತಲ ಕಲ್ಲುತೊಟ್ಟಿಯ ಬಳಿ ಕದಿರೇಶ ಬಗ್ಗಿ ಮುಖ ತೊಳೆಯುತ್ತಿದ್ದ. ಯುದ್ಧ ಮುಗಿಸಿ ಮನೆಗೆ ಬಂದ ಗಂಡ ಇನ್ನೂ ಒಂದು ತುತ್ತು ಬಾಯಿಗೆ ಇಟ್ಟಿರಲಿಲ್ಲ. ಒರೆಸಿಕೊಳ್ಳಲು ಬಟ್ಟೆ ತಂದಿದ್ದ ಮುತ್ಯಾಲು, ಏನೆಂದು ಕರೆಯಬೇಕೋ ತಿಳಿಯದೆ, ಹಿಂದಿನಿಂದ ಮೆಲ್ಲನೆ ಅವನ ಭುಜದ ಮೇಲೆ ಕೈ ಇಟ್ಟಳು.

ಆಮೇಲೆ ಏನಾಯಿತೆಂದು ಅವಳಿಗೆ ತಿಳಿಯುವಷ್ಟರಲ್ಲಿ ಬೆನ್ನು ಗೋಡೆಗೆ ಬಡಿದಿತ್ತು. ಮಣಿಕಟ್ಟು ತಿರುಚಿಕೊಂಡಿತ್ತು. ಅವನ ಮೊಣಕೈ ಅವಳ ಗಂಟಲನ್ನು ಒತ್ತಿ ಹಿಡಿದಿತ್ತು. ಅಷ್ಟು ಹತ್ತಿರ ಇದ್ದ ಆ ಕಣ್ಣುಗಳಿಗೆ ಅವಳ ಗುರುತೇ ಇರಲಿಲ್ಲ...

"ನಾನು... ಮುತ್ಯಾಲು."

ದನಿ ಹೊರಗೆ ಬಂತೋ ಇಲ್ಲವೋ ಅವಳಿಗೇ ಗೊತ್ತಿಲ್ಲ. ಆದರೆ ಆ ಕಣ್ಣುಗಳಿಗೆ ಗುರುತು ಹತ್ತಿತು. ಕೆಂಡ ಮುಟ್ಟಿದವನಂತೆ ಅವನು ಕೈ ಬಿಟ್ಟ. ಅವಳ ಗಂಟಲ ಮೇಲೆ ಮೂಡಿದ್ದ ಕೆಂಪು ಗುರುತನ್ನು ನೋಡಿದ. ತನ್ನ ಎರಡೂ ಕೈಗಳನ್ನು ನೋಡಿಕೊಂಡ. ಹಿತ್ತಲ ಬಾಗಿಲಿನಿಂದ ಹೊರಗೆ ನಡೆದ.

ಅಂದಿನಿಂದ ಅವನ ಊಟ, ನಿದ್ದೆ ಎಲ್ಲ ಹೊಲದಂಚಿನ ಹುಳದ ಮನೆಯಲ್ಲೇ. ರೇಷ್ಮೆ ಬೆಳೆ ಮುಗಿದು ಅದು ಖಾಲಿ ಬಿದ್ದಿತ್ತು. ಮುತ್ಯಾಲು ಮುದ್ದೆಯ ತಟ್ಟೆಯನ್ನು ಹೊಸ್ತಿಲಲ್ಲಿಟ್ಟು ಬರುತ್ತಿದ್ದಳು. ಅವನು ಒಳಗಿನಿಂದ, ದೂರ ನಿಂತುಕೋ, ಎನ್ನುತ್ತಿದ್ದ. ಅವಳು ದೂರ ಸರಿದ ಮೇಲೆಯೇ ಬಂದು ತಟ್ಟೆ ಎತ್ತಿಕೊಳ್ಳುತ್ತಿದ್ದ.

ಲಕ್ಕೂರಿನ ಪಕ್ಕದ ಆ ಹಳ್ಳಿಗೆ ಅವಳು ಮುಳಬಾಗಿಲು ಕಡೆಯಿಂದ ಸೊಸೆಯಾಗಿ ಬಂದ ವರ್ಷವೇ ಅವನು ಪಟಾಲಂಗೆ ಸೇರಿದ್ದ. ಮಾಲೂರಿನಲ್ಲಿ ರೈಲು ಹತ್ತಿ ಹೋದವನು ಯುದ್ಧ ಮುಗಿಯುವ ತನಕ ಬರ್ಮಾ ಗಡಿಯ ಕಾಡುಗಳಲ್ಲೇ ಇದ್ದ. ಜೊತೆಯಾಗಿ ಬಾಳಿದ ದಿನಗಳೇ ಕಡಿಮೆ. ನೆನಪುಗಳೂ ಕಡಿಮೆ.

ಇದ್ದ ನೆನಪುಗಳಲ್ಲಿ ಒಂದನ್ನು ಅವಳು ಸವೆಯದಂತೆ ಕಾಪಾಡಿಕೊಂಡಿದ್ದಳು. ನೀರಿಗೆ ಹೋಗುವ ದಾರಿಯಲ್ಲಿ ಗರಡಿ. ಹೆಂಗಸರು ಒಳಗೆ ಹೋಗುವಂತಿಲ್ಲ, ಆದರೆ ಮೋಟುಗೋಡೆಯ ಆಚೆಯಿಂದ ಕಾಣುತ್ತಿತ್ತು. ಕದಿರೇಶ ಕೋಲು ವರಸೆ ಆಡುತ್ತಿದ್ದ. ಗಾಳಿ ಸೀಳಿಕೊಂಡು ಬಂದ ಕೋಲು ಎದುರಿನವನ ಕಿವಿಯ ಪಕ್ಕಕ್ಕೆ ಬಂದು ಥಟ್ಟನೆ ನಿಂತುಬಿಡುತ್ತಿತ್ತು. ಕದಿರೇಶನ ಕೋಲು ಕಿವಿಯ ಮೇಲಿನ ನೊಣವನ್ನು ಎಬ್ಬಿಸಿದರೂ ಕಿವಿಗೆ ಗೊತ್ತಾಗುವುದಿಲ್ಲ ಎಂದು ಊರವರು ಹೇಳಿಕೊಂಡು ನಗುತ್ತಿದ್ದರು.

ಅಂಥ ಕೈಯೇ ತನ್ನ ಗಂಟಲು ಹಿಡಿದದ್ದು... ಹಾಗಾದರೆ ಬೇಕೆಂದೇ ಹಿಡಿದರೇ?

ಈ ಪ್ರಶ್ನೆ ಅವಳನ್ನು ಬಿಡಲಿಲ್ಲ. ಅದರ ಜೊತೆಗೆ ಇನ್ನೊಂದೂ ಸೇರಿಕೊಂಡಿತು. ಬೆಳಗಾದರೆ ಹುಳದ ಮನೆಯ ಕಡೆಯಿಂದ ಶಬ್ದ. ಕೋಲು ಬೀಸುವ ಸದ್ದು, ಹಿಂದೆಯೇ ಏನೋ ಒಡೆಯುವ ಸದ್ದು. ಒಂದು ದಿನ ಸೊಪ್ಪು ಕೊಯ್ಯಲು ಹೋದವಳು ಹಿಂದುಗಡೆ ಇಣುಕಿದಳು. ಬೇಲಿಯ ಪಕ್ಕ ಮಡಕೆ ಚೂರುಗಳ ರಾಶಿ! ಮನೆಯಲ್ಲಿ ಕಾಣೆಯಾಗಿದ್ದ ಮಡಕೆಗಳು, ಅಟ್ಟದ ಮೇಲಿನ ಕುಡಿಕೆಗಳು, ಎಲ್ಲ ಅಲ್ಲಿದ್ದವು.

ಇಷ್ಟು ಸಿಟ್ಟು ಯಾರ ಮೇಲೆ? ನಾಳೆ ಮಡಕೆ ಮುಗಿದರೆ?

ಆ ಮಧ್ಯಾಹ್ನ ಅತ್ತೆ ಮುನಿಯಲ್ಲಮ್ಮ ಒಲೆಯ ಮುಂದೆ ಕೂತು, ಮುಖ ಎತ್ತದೆ, ಮುಳಬಾಗಿಲಿಗೆ ಸುದ್ದಿ ಹೋಗಿದೆ ಎಂದಳು. ನಾಳೆ ಮುತ್ಯಾಲುವಿನ ಅಪ್ಪ ಮುನಿಶಾಮಿ ಗಾಡಿ ಕಟ್ಟಿಕೊಂಡು ಬರುತ್ತಾನೆ. ಮಗಳನ್ನು ಕರೆದುಕೊಂಡು ಹೋಗುತ್ತಾನೆ.

"ಎಷ್ಟು ದಿನಕ್ಕೆ ಅತ್ತೆ?"

ಮುನಿಯಲ್ಲಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡಳು. "ಕದಿರೇಶ ಹೇಳಿದ್ದು ನಾನು ಹೇಳ್ತಿದ್ದೀನಿ ಕಣೇ. ನನ್ನ ಮನಸ್ಸಿನ ಮಾತಲ್ಲ. ಮತ್ತೆ ಕಳಿಸೋದು ಬ್ಯಾಡ ಅಂದ."

ಮುತ್ಯಾಲು ಮುದ್ದೆ ತಿರುವುವ ಹಿಟ್ಟಿನ ಕೋಲನ್ನು ಕೆಳಗಿಟ್ಟಳು. ಇಷ್ಟು ವರ್ಷ ಕಾದದ್ದು ಇದಕ್ಕೇನಾ? ಆ ಬರ್ಮಾ ಕಡೆ ಬೇರೆ ಯಾರಾದರೂ ಇದ್ದರೇನೋ... ಇಲ್ಲ, ನನ್ನನ್ನು ಕಂಡರೇ ಆಗುವುದಿಲ್ಲವೇನೋ...

ಅವಳು ಅಳಲಿಲ್ಲ. ಭಯ ಅಳುವನ್ನು ನುಂಗಿಹಾಕಿತ್ತು. ಕೇಳದೆ ಹೋಗಬಾರದು ಎಂದುಕೊಂಡಳು. ಕದಿರೇಶನನ್ನು ಕೇಳುವ ಧೈರ್ಯ ಬರಲಿಲ್ಲ. ಅವನನ್ನು ಚಿಕ್ಕಂದಿನಿಂದ ಬಲ್ಲವರು ಒಬ್ಬರಿದ್ದರು: ಗರಡಿಯ ಉಸ್ತಾದ್ ಪೆದ್ದಪ್ಪ.

ಮುದುಕ ಗರಡಿಯ ಹೊರಗೆ ಹುಣಸೆ ಮರದ ಕೆಳಗೆ ಕೂತು ಕೋಲುಗಳಿಗೆ ಹರಳೆಣ್ಣೆ ಸವರುತ್ತಿದ್ದ. ಮುತ್ಯಾಲು ದೂರದಲ್ಲೇ ನಿಂತು, ಮಡಕೆಗಳ ವಿಷಯ ಹೇಳಿ, ಅವರಿಗೆ ತಲೆ ಕೆಟ್ಟಿದೆಯೇ ಎಂದು ಕೇಳಿದಳು.

ಪೆದ್ದಪ್ಪ ಕೈಯಲ್ಲಿದ್ದ ಕೋಲನ್ನು ಮರಕ್ಕೆ ಒರಗಿಸಿದ. ಆಮೇಲೆ ನಿಧಾನವಾಗಿ ಹೇಳಿದ. ಬಹಳ ದಿನ ಕೋಲು ಬಿಟ್ಟವನು ಮತ್ತೆ ಗರಡಿಗೆ ಕಾಲಿಡಬೇಕಾದರೆ ಈ ಊರಲ್ಲಿ ಒಂದು ಕಟ್ಟಳೆ ಇದೆ. ಮಡಕೆಯನ್ನು ಬೋರಲು ಹಾಕಬೇಕು. ಪೂರ್ತಿ ಬಲ ಹಾಕಿ ಕೋಲು ಬೀಸಬೇಕು. ಮಡಕೆಗೆ ಇನ್ನೇನು ತಾಗಬೇಕು ಅನ್ನುವಾಗ ನಿಲ್ಲಿಸಬೇಕು. ಒಡೆದರೆ ಅವನು ಮನುಷ್ಯರ ಎದುರಿಗೆ ನಿಲ್ಲುವ ಹಾಗಿಲ್ಲ. ಹೊಡೆಯುವುದು ವಿದ್ಯೆಯಲ್ಲ, ನಿಲ್ಲಿಸುವುದೇ ವಿದ್ಯೆ.

"ನಿನ್ನ ಕತ್ತು ಹಿಡಿದ ಮಾರನೇ ದಿನ ಬಂದ ಕಣಮ್ಮ. ಗೋಡೆ ಆಚೇನೇ ನಿಂತ. ಒಳಗೆ ಬಾರ್ಲಾ ಅಂದ್ರೆ ಬರಲಿಲ್ಲ. 'ಉಸ್ತಾದ್, ನನ್ನ ಕೈ ನನ್ನ ಮಾತು ಕೇಳ್ತಿಲ್ಲ' ಅಂದ."

ಮುತ್ಯಾಲು ಎರಡು ಹೆಜ್ಜೆ ಹತ್ತಿರ ಬಂದಳು.

"ದಿನಾ ನಿಲ್ಲಿಸಕ್ಕೆ ನೋಡ್ತಾನೆ. ದಿನಾ ಒಡೀತದೆ. ಬ್ಯಾಡ ಅಂತ ಕಳಿಸ್ತಿಲ್ಲ ನಿನ್ನ. ನಿನ್ನನ್ನೂ ಎಲ್ಲಿ ಒಡೆದುಹಾಕ್ತೀನೋ ಅಂತ ಕಳಿಸ್ತಾವ್ನೆ."

ಅವಳ ಕಣ್ಣಿಂದ ಆಗ ನೀರು ಇಳಿಯಿತು. ಒರೆಸಿಕೊಳ್ಳಲಿಲ್ಲ. ಮಡಕೆಯ ಜಾಗದಲ್ಲಿ ಮನುಷ್ಯರು ನಿಂತರೆ ಏನಾಗುತ್ತದೆ ಎಂದು ಕೇಳಿದಳು.

ಪೆದ್ದಪ್ಪ ತಲೆಯಾಡಿಸಿದ. ಮಡಕೆಗೆ ಮುಖ ಇಲ್ಲ, ಮುಖ ನೋಡುತ್ತ ಬೀಸಿದರೆ ಕೈ ನಿಂತರೂ ನಿಲ್ಲಬಹುದು. ಆದರೆ ಗರಡಿಯ ಗಂಡಸರು ಯಾರೂ ಒಪ್ಪುತ್ತಿಲ್ಲ. ತಾನು ನಿಲ್ಲುತ್ತೇನೆಂದರೆ, ವಯಸ್ಸಾದವರ ಮೇಲೆ ಬೀಸುವುದಿಲ್ಲ ಎಂದು ಕದಿರೇಶ ಒಪ್ಪಲಿಲ್ಲ.

"ನನಗೆ ಕೋಲು ಹಿಡಿಯೋದು ಹೇಳ್ಕೊಡಿ," ಎಂದಳು ಮುತ್ಯಾಲು.

ಮುದುಕ ಬೈದ. ಹುಡುಗಾಟವಲ್ಲ ಎಂದ. ಅವಳು ಕದಲಲಿಲ್ಲ. ಕೊನೆಗೆ ಎದ್ದು, ಒಂದು ಕೋಲನ್ನು ಆರಿಸಿ ಕೊಟ್ಟ. ಎರಡೂ ತುದಿ ಗಟ್ಟಿಯಾಗಿ ಹಿಡಿದು ತಲೆಯ ಮೇಲೆ ಅಡ್ಡ ಹಿಡಿಯಬೇಕು. ಕೋಲನ್ನು ನೋಡಬಾರದು, ಬೀಸುವವನ ಕಣ್ಣನ್ನು ನೋಡಬೇಕು. ಎದುರಿಗೆ ನಿಂತವರು "ಬಾ" ಎಂದು ಕರೆದರಷ್ಟೇ ಬೀಸಬೇಕು.

"ಭಯ ಆದ್ರೆ ಕರೀಬ್ಯಾಡ ತಾಯಿ. ಕರೆಯದೆ ಅವನು ಬೀಸಲ್ಲ. ಅಷ್ಟು ನೇಮ ಅವನಿಗೆ ನೆನಪೈತೆ. ಕಣ್ಣು ಮಾತ್ರ ಮುಚ್ಚಬ್ಯಾಡ."

ಮರುದಿನ ಬಿಸಿಲು ಹಿಪ್ಪುನೇರಳೆ ಗಿಡಗಳ ಮೇಲೆ ಬೀಳುವ ಹೊತ್ತಿಗೆ ಅವಳು ಹುಳದ ಮನೆಯ ಹಿಂದೆ ಬಂದಳು. ಕದಿರೇಶ ಮಡಕೆಯೊಂದನ್ನು ಬೋರಲು ಹಾಕುತ್ತಿದ್ದ. ತಾನು ಅವನಿಗೆ ಕಾಣುವ ಹಾಗೆ, ಎದುರುಗಡೆಯಿಂದ ನಡೆದು ಬಂದು, ಆ ಮಡಕೆಯನ್ನು ಎತ್ತಿ ಪಕ್ಕಕ್ಕಿಟ್ಟಳು. ಅದರ ಜಾಗದಲ್ಲಿ ತಾನು ನಿಂತಳು.

ಅವಳ ಕೈಯಲ್ಲಿದ್ದ ಕೋಲನ್ನು ಕಂಡು ಅವನ ಮುಖ ಬಿಳಿಚಿಕೊಂಡಿತು. ನಿಮ್ಮಪ್ಪ ಬರುವ ಹೊತ್ತಾಯಿತು, ಹೋಗು ಎಂದ.

"ಉಸ್ತಾದರು ಎಲ್ಲಾ ಹೇಳಿದ್ರು," ಎಂದಳು.

"ಎಲ್ಲಾ ಅವರಿಗೂ ಗೊತ್ತಿಲ್ಲ." ಅವನು ಕೋಲನ್ನು ನೆಲಕ್ಕೆ ಊರಿ ಅದರ ಮೇಲೆ ಭಾರ ಬಿಟ್ಟ. "ಕಾಡಲ್ಲಿ ಕಾವಲಿದ್ದೆ. ಹಿಂದಿನಿಂದ ಯಾರೋ ಭುಜ ಮುಟ್ಟಿದ್ರು. ತಿರುಗಿ ಹೊಡೆದೆ. ನಮ್ಮೋನೇ... ಒಂದೇ ತಟ್ಟೇಲಿ ಉಣ್ತಿದ್ದೋನು. ಬೀಡಿ ಕೇಳಕ್ಕೆ ಬಂದಿದ್ದ. ಮತ್ತೆ ಮೇಲೇಳಲಿಲ್ಲ."

ಮುತ್ಯಾಲುವಿಗೆ ಅವತ್ತಿನ ಕಲ್ಲುತೊಟ್ಟಿ, ಗೋಡೆ, ಗುರುತಿಲ್ಲದ ಆ ಕಣ್ಣುಗಳು, ಎಲ್ಲ ಒಮ್ಮೆಲೇ ಅರ್ಥವಾದವು. ಅರ್ಥವಾದ ಮೇಲೆ ಭಯ ಕಡಿಮೆಯಾಗಬೇಕಿತ್ತು. ಇನ್ನೂ ಹೆಚ್ಚಾಯಿತು! ಆ ಕೈ ಒಬ್ಬನನ್ನು ಕೊಂದ ಕೈ. ಓಡಿಹೋಗು ಎಂದು ಮೈಯೆಲ್ಲ ಕೂಗಿಕೊಳ್ಳುತ್ತಿತ್ತು.

ಆದರೂ ಕೋಲನ್ನು ಎತ್ತಿ ತಲೆಯ ಮೇಲೆ ಅಡ್ಡ ಹಿಡಿದಳು. ಗಂಡನನ್ನು "ಬಾ" ಎನ್ನಲು ಮಾತ್ರ ನಾಲಿಗೆ ಹೊರಳಲಿಲ್ಲ.

"ಬನ್ನಿ," ಎಂದಳು.

ಕದಿರೇಶ ಬೆಚ್ಚಿ ಅವಳ ಮುಖ ನೋಡಿದ. ಅವನ ತುಟಿಯ ಅಂಚು ಅಲುಗಿತು.

"ಗರಡೀಲಿ ಹಂಗೆ ಯಾರೂ ಕರೆಯಲ್ಲ. ಊಟಕ್ಕೆ ಕರೆದಂಗೈತೆ."

"ನನಗೆ ಬರೋದು ಇಷ್ಟೇ. ಬನ್ನಿ."

ಅವನು ಬೇಡ ಎಂದ. ಬೇಡಿಕೊಂಡ. ಅವಳು ಜಾಗ ಬಿಡಲಿಲ್ಲ. ಕೊನೆಗೆ ಅವನು ಕೋಲೆತ್ತಿದ. ಗಾಳಿ ಸೀಳುವ ಸದ್ದು ಕಿವಿಗೆ ಬಿದ್ದದ್ದೇ ತಡ, ಅವಳ ಕಣ್ಣು ತಾನಾಗಿ ಮುಚ್ಚಿಕೊಂಡಿತು.

ಕೋಲಿಗೆ ಕೋಲು ಬಡಿಯಿತು. ಏಟು ಅಂಗೈಯಿಂದ ಭುಜದ ತನಕ ಹರಿದು, ಅವಳು ಮಂಡಿಯೂರಿ ಕುಸಿದಳು. ಕಣ್ಣು ಬಿಟ್ಟಾಗ ಅವನು ತನ್ನ ಕೋಲನ್ನು ಬೇಲಿಯ ಕಡೆಗೆ ಎಸೆದು, ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ನಿಂತಿದ್ದ.

"ನೋಡಿದೆಯಾ? ನಿಲ್ಲಲ್ಲ. ಹೋಗು ಮುತ್ಯಾಲು, ನಿನಗೆ ಕೈ ಮುಗೀತೀನಿ."

ಯುದ್ಧದಿಂದ ಬಂದ ಮೇಲೆ ಅವನು ಅವಳನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವಳು ಎದ್ದಳು. ಬೇಲಿಯ ತನಕ ಹೋಗಿ, ಮಡಕೆ ಚೂರುಗಳ ನಡುವಿನಿಂದ ಅವನ ಕೋಲನ್ನು ತೆಗೆದು ತಂದು ಚಾಚಿದಳು.

"ತಪ್ಪು ನಂದು. ನಾನು ಕಣ್ಣು ಮುಚ್ಚಿಬಿಟ್ಟೆ. ನಿಮಗೆ ನೋಡಕ್ಕೆ ಏನೂ ಉಳೀಲಿಲ್ಲ. ಈ ಸಲ ಮುಚ್ಚಲ್ಲ."

ಅವನು ಕೋಲು ತೆಗೆದುಕೊಂಡ. ಅವಳು ಹಿಂದಕ್ಕೆ ಸರಿದು ನಿಂತಳು. ತನ್ನ ಕೋಲು ಎತ್ತಿದಳು. ಅವನ ಕಣ್ಣುಗಳನ್ನು ನೋಡಿದಳು. ನಿದ್ದೆ ಕಾಣದೆ ಕೆಂಪಾಗಿದ್ದ, ತನ್ನಷ್ಟೇ ಹೆದರಿದ್ದ ಕಣ್ಣುಗಳು. ಅಯ್ಯೋ, ಇವರು ಇಷ್ಟು ದಿನ ಒಬ್ಬರೇ...

"ಬನ್ನಿ."

ಕೋಲು ಬಂತು. ರೆಪ್ಪೆಗಳು ಮುಚ್ಚಲು ಹವಣಿಸಿದವು, ಅವಳು ಬಿಡಲಿಲ್ಲ. ಅವನೂ ಅವಳ ಕಣ್ಣನ್ನೇ ನೋಡುತ್ತಿದ್ದ. ಗಾಳಿ ಅವಳ ಮುಂಗುರುಳನ್ನು ಹಾರಿಸಿತು.

ಏಟು ಬೀಳಲಿಲ್ಲ.

ಅವಳು ಕಾದಳು. ಇನ್ನೂ ಬೀಳಲಿಲ್ಲ. ಮೆಲ್ಲನೆ ತಲೆಯೆತ್ತಿ ನೋಡಿದಳು. ಅವನ ಕೋಲು ಅವಳ ಕೋಲಿನ ಮೇಲೆ, ತಾಗಿಯೂ ತಾಗದಂತೆ ನಿಂತಿತ್ತು. ಅವನ ತೋಳಿನ ನರಗಳು ಉಬ್ಬಿದ್ದವು. ಕದಿರೇಶ ಉಸಿರು ಬಿಡುವುದನ್ನೇ ಮರೆತಿದ್ದ.

ಆಮೇಲೆ ಅವನು ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟ. ಭುಜಗಳು ಅಲುಗುತ್ತಿದ್ದವು. ಮುತ್ಯಾಲು ಅವನ ಎದುರಿಗೆ ಕೂತು, ಆ ಎರಡು ಕೈಗಳನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಅವನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಮನೆಯ ಮುಂದೆ ಗಾಡಿ ನಿಂತ ಸದ್ದು. ಮುನಿಶಾಮಿ ಎತ್ತುಗಳಿಗೆ ತೆಲುಗಿನಲ್ಲಿ ಏನೋ ಹೇಳುತ್ತಿದ್ದ. ಮುನಿಯಲ್ಲಮ್ಮ ಮುತ್ಯಾಲುವನ್ನು ಕೂಗುತ್ತಿದ್ದಳು. ಇಬ್ಬರೂ ಏಳಲಿಲ್ಲ.

"ಭಯ ಆಯ್ತಾ?" ಅವನು ಕೇಳಿದ.

"ಆಯ್ತು. ಈಗ್ಲೂ ಆಗ್ತಿದೆ."

"ನಾಳೆ ನಿಲ್ಲದೆ ಹೋಗಬೌದು. ಇವತ್ತು ನಿಂತದ್ದು ನಾಳೆ ನಿಲ್ತದೆ ಅಂತ ಹೇಳಕ್ಕಾಗಲ್ಲ."

"ಗೊತ್ತು."

"ಗೊತ್ತಿದ್ದೂ ಯಾಕೆ ನಿಂತೆ?"

ಅವನ ಅಂಗೈಗೆ ಮೆತ್ತಿದ್ದ ಮಣ್ಣನ್ನು ಸೆರಗಿನಿಂದ ಒರೆಸಿದಳು.

"ನೀವೂ ಹೆದರಿಕೊಂಡಿದ್ರಲ್ಲ. ಒಬ್ಬರೇ ಯಾಕೆ ಹೆದರಬೇಕು ಅಂತ."

ಅವನು ಅವಳ ಮುಖವನ್ನೇ ನೋಡಿದ, ಬಹಳ ಹೊತ್ತು, ಗುರುತು ಹಿಡಿದ ಕಣ್ಣುಗಳಿಂದ. ಆಮೇಲೆ ಎದ್ದು, ಅವಳಿಗೆ ಕೈ ಕೊಟ್ಟು ಎಬ್ಬಿಸಿದ.

"ನಡಿ. ನಿಮ್ಮಪ್ಪನಿಗೆ ನಾನೇ ಹೇಳ್ತೀನಿ."

"ಏನಂತ?"

"ಬಂದಿದ್ದೀರಿ, ಊಟ ಮಾಡ್ಕೊಂಡು ಹೋಗಿ ಮಾವ ಅಂತ." ಅವನು ಅವಳ ಕೈ ಬಿಡಲಿಲ್ಲ. "ಗಾಡೀಲಿ ಒಬ್ಬರೇ ಹೋಗಬೇಕಾಗ್ತದೆ ಅಂತ."