ವಖಾರದ ಕರಾರು

ಬಾಡಿಗೆ ಬರುತ್ತಿದ್ದದ್ದು ಒಂದು ವಖಾರದಿಂದ, ಅಂದರೆ ಗೋದಾಮಿನಿಂದ, ಉಣ್ಣುವ ಮನೆಗಳು ಎರಡು. ಅಣ್ಣ ಸತ್ತ ಮೇಲೂ ಕೊಪ್ಪಳದ ಹತ್ತಿ ವಖಾರದಲ್ಲಿ ಅತ್ತಿಗೆ ಹಂಪವ್ವನ ಅರ್ಧ ಪಾಲು ಹಾಗೇ ಇತ್ತು. ಗೋಣೆಪ್ಪನ ಹೊಟ್ಟೆಯುರಿ ಅಲ್ಲಿಂದ ಶುರು. ಗೋಡೆ ಬಿರಿದಿತ್ತು, ತೊಲೆಗಳನ್ನು ಗೆದ್ದಲು ತಿಂದಿತ್ತು. ಬೆವರು ಸುರಿಸಿ ಕಟ್ಟಿಸುವವನು ಇವನು, ಕುಂತು ಉಣ್ಣುವವಳು ಅವಳು! ಯಾವ ನ್ಯಾಯ?

ಅದಕ್ಕೇ ೧೯೪೧ರಲ್ಲಿ ಹತ್ತಿ ವ್ಯಾಪಾರಿ ಇಬ್ರಾಹಿಂಸಾಬನಿಗೆ ವಖಾರವನ್ನು ಹತ್ತು ವರ್ಷಕ್ಕೆ ಬಾಡಿಗೆಗೆ ಕೊಡುವಾಗ ಕರಾರಿನಲ್ಲಿ ಮೂರು ಮಾತು ಬರೆಸಿದ. ಸರಕಾರದ ಕರ ಸಾಬನದು, ದುರಸ್ತಿ ಸಾಬನದು, ಬಿದ್ದರೂ ಸುಟ್ಟರೂ ಹೊಸದಾಗಿ ಕಟ್ಟಿಸಿಕೊಡುವುದೂ ಸಾಬನದೇ.

“ಎಲ್ಲಾ ಅಂವನ ತಲಿಮ್ಯಾಲ ಹಾಕೀಯಲ್ಲೋ ಗೋಣೆಪ್ಪ,” ಎಂದಳು ಹಂಪವ್ವ.

“ನೀ ಸುಮ್ನಿರು ಅತ್ತಿಗಿ. ನಿನ್ನ ಪಾಲೂ ಉಳೀತೈತಿ.”

ಇಬ್ರಾಹಿಂಸಾಬ, “ಜಾಗಾ ಛಲೋ ಐತಿ, ಆತು ಬಿಡ್ರಿ ಯಜಮಾನ್ರ,” ಎಂದು ರುಜು ಹಾಕಿದ.

ಇನ್ನು ಸುಡುವುದೊಂದೇ ಬಾಕಿ; ಹೊಸ ವಖಾರ ಸಾಬನ ಖರ್ಚಿನಲ್ಲೇ ಎದ್ದು ನಿಲ್ಲುತ್ತದೆ. ಇನ್ನೊಬ್ಬನ ಕೈಲಿ ಮಾಡಿಸಿದರೆ ಅವನ ಬಾಯಿಗೆ ಜೀವಮಾನವಿಡೀ ಹೆದರಬೇಕು. ತಾನೇ ಮಾಡಬೇಕು. ಕುಷ್ಟಗಿಗೆ ಹೋಗುತ್ತೇನೆಂದು ಓಣಿಗೆಲ್ಲ ಸಾರಬೇಕು. ಶುಕ್ರವಾರ ಬೆಳಿಗ್ಗೆ ಬಂಡಿಯಿಂದ ಹತ್ತಿ ಇಳಿಸುವ ಗದ್ದಲದಲ್ಲಿ ಒಳಗೆ ನುಸುಳಿ ಮೂಟೆಗಳ ಹಿಂದೆ ಕೂರಬೇಕು. ಮಧ್ಯಾಹ್ನ ಸಾಬ ಆಳುಗಳನ್ನು ಊಟಕ್ಕೆ ಕಳಿಸಿ, ಹೊರಗಿನಿಂದ ಬೀಗ ಹಾಕಿ ನಮಾಜಿಗೆ ಹೋಗುತ್ತಾನೆ. ಹಾಕಿದ ಬೀಗ ಹಾಕಿದಂತೇ ಇರುವ ವಖಾರಕ್ಕೆ ಬೆಂಕಿ ಬಿದ್ದರೆ ಅನುಮಾನ ಯಾರ ಮೇಲೆ? ಆಳುಗಳ ಬೀಡಿಯ ಮೇಲೆ! ಗೋಣೆಪ್ಪನಿಗೆ ತನ್ನ ತಲೆಯ ಬಗ್ಗೆ ಭಾಳ ಹೆಮ್ಮೆಯಾಯಿತು.

ಎಲ್ಲ ಹಾಗೇ ನಡೆಯಿತು. ಬೀಗದ ಸದ್ದು ಕೇಳಿದ ಮೇಲೆ ನೂರರವರೆಗೆ ಎಣಿಸಿದ. ಬಾಗಿಲ ಪಕ್ಕದ ಮೂಟೆಗೆ ಕಡ್ಡಿ ಗೀರಿ ಹಿಡಿದ. ಹತ್ತಿ ಅಲ್ಲವೇ, ಭಗ್ಗನೆ ಹೊತ್ತಿಕೊಂಡಿತು.

ಅವಸರವೇನೂ ಇಲ್ಲದೆ ಹಿತ್ತಿಲ ಕಿಟಕಿಯತ್ತ ನಡೆದ. ಅದರ ಮರದ ಸರಳುಗಳು ಎಂದೋ ಲಡ್ಡಾಗಿ, ಎಳೆದರೆ ಕೈಗೇ ಬರುತ್ತಿದ್ದವು. ಸಣ್ಣವನಿದ್ದಾಗಿನಿಂದ ಅವನು ನುಸುಳಿದ ದಾರಿ ಅದು. ಕದ ತೆಗೆದು ಕೈ ಹಾಕಿದ. ಕೈಗೆ ಸಿಕ್ಕಿದ್ದು ಕಬ್ಬಿಣ. ಎಳೆದ, ಒದ್ದ, ಜೋತುಬಿದ್ದ. ಹೊಸ ಗಾರೆ ಒಂದು ಚೂರೂ ಉದುರಲಿಲ್ಲ. “ಯಾರರೆ ಬರ್ರಿ! ನಾ ಒಳಗದೀನ್ರಿ!” ಎಂದು ಖಾಲಿ ಹಿತ್ತಿಲಿಗೆ ಕೂಗಿದ, ಹೊಗೆ ಗಂಟಲಿಗಿಳಿಯಿತು. ಊರಿನ ಲೆಕ್ಕದಲ್ಲಿ ಅವನು ಕುಷ್ಟಗಿಯಲ್ಲಿದ್ದ. ದುರಸ್ತಿ ಬಾಡಿಗೆದಾರನದು ಎಂದು ಅವನೇ ಬರೆಸಿದ್ದ. ಬಾಡಿಗೆದಾರ ಅದನ್ನು ನಿಜವಾಗಿಯೂ ಮಾಡಿಸುತ್ತಾನೆ ಎಂದು ಮಾತ್ರ ಎಣಿಸಿರಲಿಲ್ಲ.