ದಾಸವಾಳವೋ ಹೊಂಗೆಯೋ

ಸೋಮಮ್ಮ ಮೊದಲ ಸಲ ನೋಡಿದಾಗ ಅವನನ್ನು ಕೂಲಿಯವನೆಂದೇ ತಿಳಿದಳು.

ಬೆಸಗರಹಳ್ಳಿಯ ಹೆಣ್ಣುಮಕ್ಕಳ ಸ್ಕೂಲಿನ ಅಂಗಳದಲ್ಲಿ ಗುಂಡಿ ತೋಡಲು ಆಳು ಕಳಿಸುತ್ತೇವೆಂದು ಊರಿನವರು ಹೇಳಿದ್ದರು. ಮರುದಿನ ಬೆಳಿಗ್ಗೆ ಮಂಡಿಯವರೆಗೆ ಪಂಚೆ ಎತ್ತಿ ಕಟ್ಟಿದ ಗಂಡಸೊಬ್ಬ ಹೆಗಲ ಮೇಲೆ ಹಾರೆ ಹೊತ್ತು ಬಂದು ನಿಂತರೆ ಇನ್ನೇನು ತಿಳಿಯಬೇಕು? ಅವನ ಎಡಗೈಯಲ್ಲಿ ಬಾಳೆಪಟ್ಟೆ ಸುತ್ತಿದ ಹೊಂಗೆ ಸಸಿ ಇತ್ತು.

"ಇಲ್ಲಿ, ಬಾಗಿಲ ಪಕ್ಕ ತೋಡಪ್ಪ. ಒಂದು ಮೊಳ ಆಳ ಸಾಕು."

"ಒಂಗೆಗೆ ಒಂದ್ ಮೊಳ ಸಾಲ್ದು, ಮೇಷ್ಟ್ರಮ್ಮ."

"ಹೊಂಗೆ ಯಾರು ಕೇಳಿದ್ರು? ನಾನು ನೆಡೋದು ದಾಸವಾಳ."

ಅವಳು ಜಗಲಿಯ ಮೇಲಿದ್ದ ಬಾಯಿಮುರುಕ ಕುಂಡವನ್ನು ತೋರಿಸಿದಳು. ಮದ್ದೂರಿನ ಬಂಗಲೆಯ ತೋಟ ನೋಡಿಕೊಳ್ಳುತ್ತಿದ್ದ ನಜೀರ್ ಅಹ್ಮದ್ ಸಾಹೇಬರು ಕೊಟ್ಟ ಗಿಡ ಅದು. ಎರಡು ವರ್ಷದ್ದು. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದಳು. ಅಂಗಳವೆಲ್ಲ ಗರಸು ನೆಲ. ಮಣ್ಣು ಚೆನ್ನಾಗಿದ್ದದ್ದು, ಮಕ್ಕಳು ಕೈ ತೊಳೆದ ನೀರು ಹರಿಯುತ್ತಿದ್ದದ್ದು ಬಾಗಿಲ ಪಕ್ಕ ಮಾತ್ರ. ಅಲ್ಲಿ ಒಂದಕ್ಕೇ ಜಾಗ.

"ಊವಿನ ಗಿಡ್ದಲ್ಲಿ ಏನದೆ, ಮೇಷ್ಟ್ರಮ್ಮ? ಆಡು ಬಾಯಾಕಿದ್ರೆ ಎರಡೇ ತುತ್ತು. ಒಂಗೇನ ಅದು ಮೂಸಿ ನೋಡಿ ಬುಟ್ಬುಡ್ತದೆ. ಮಕ್ಳಿಗೆ ನೆಳ್ಳಾಯ್ತದೆ. ಸೀಮೆಎಣ್ಣೆ ಸಿಗದಿರೋ ಈ ಯುದ್ಧದ ಕಾಲ್ದಲ್ಲಿ ಬೀಜದೆಣ್ಣೆ ದೀಪಕ್ಕಾಯ್ತದೆ."

"ನೆರಳು ಬರೋಕೆ ಎಷ್ಟು ವರ್ಷ?"

"ಏಳೆಂಟು ವರ್ಸ."

"ನನಗಿರೋದು ಏಳೆಂಟು ತಿಂಗಳು. ಇನ್‌ಸ್ಪೆಕ್ಟ್ರಮ್ಮ ಬರೋ ಹೊತ್ತಿಗೆ ಹದಿನೈದು ಹೆಣ್ಣುಮಕ್ಕಳು ಇರ್ದಿದ್ರೆ ಈ ಸ್ಕೂಲು ಮುಚ್ಚಿಹೋಗುತ್ತೆ. ಈಗಿರೋರು ಒಂಬತ್ತು ಜನ. ಮೊದಲು ಬಂದೋರಿಗೆ ಒಂದೊಂದು ಹೂ ಅಂದ್ರೆ ಓಡಿ ಬರ್ತಾರೆ. ಎಂಟು ವರ್ಷ ಕಾದಿರಿ, ನೆರಳು ಕೊಡ್ತೀನಿ ಅಂದ್ರೆ ಯಾರು ಬರ್ತಾರೆ?"

ಅವನಿಗೆ ನಗು ಬಂತು. "ಅಂಗಾರೆ ನೀವೂ ಒಂದ್ ಮುಡ್ಕೊಳಿ. ಮೇಷ್ಟ್ರಮ್ಮನ್ ತಲೆ ನೋಡಿ ಇನ್ನೂ ನಾಕ್ ಜನ ಬತ್ತವೆ."

"ನಾನು ಮುಡಿಯೋ ಹಾಗಿಲ್ಲ."

ಅವನು ಆಗ ಅವಳ ಬರಿ ಹಣೆ ನೋಡಿದ. ನಗು ಹಾಗೇ ನಿಂತುಹೋಯಿತು. ಗುಂಡಿ ತೋಡಿದ, ದಾಸವಾಳ ನೆಟ್ಟ, ನೀರು ಹೊಯ್ದ, ತನ್ನ ಹೊಂಗೆಯನ್ನು ಎತ್ತಿಕೊಂಡು ಹೊರಟುಹೋದ.

ಬಂದಿದ್ದವನು ಪುಟ್ಟರಾಜು ಎಂದು ಅವಳಿಗೆ ಗೊತ್ತಾದದ್ದು ಸಂಜೆ, ಬಾವಿಕಟ್ಟೆಯಲ್ಲಿ. ಸ್ಕೂಲಿಗೆ ಜಾಗ ಕೊಟ್ಟವನೇ ಅವನು. ಬೇಲಿಯಾಚೆಯ ಕಬ್ಬಿನ ಗದ್ದೆ ಅವನದು. ಆಳು ಬಾರದ್ದಕ್ಕೆ ತಾನೇ ಹಾರೆ ಹಿಡಿದು ಬಂದಿದ್ದ. ಅವನ ಹೆಂಡತಿ ಚೊಚ್ಚಲ ಹೆರಿಗೆಯಲ್ಲಿ ಹೋಗಿ ಆರು ವರ್ಷವಾಗಿತ್ತು.

ಸೋಮಮ್ಮನಿಗೆ ನಾಚಿಕೆಯಾಯಿತು. ಮರುದಿನ ಅವನು ಗದ್ದೆಗೆ ನೀರು ತಿರುಗಿಸುತ್ತಿದ್ದಾಗ ಬೇಲಿಯ ಹತ್ತಿರ ಹೋದಳು.

"ನಿನ್ನೆ ಗೊತ್ತಿಲ್ಲದೆ 'ತೋಡಪ್ಪ' ಅಂದ್ಬಿಟ್ಟೆ."

"ತೋಡುದ್ನಲ್ಲ." ಅವನು ಗುದ್ದಲಿ ಊರಿ ನಿಂತ. "ನಾನೂ ತಿಳೀದೆ ಒಂದ್ ಮಾತಂದೆ. ಅದು ಅನ್ಬಾರ್ದಿತ್ತು."

"ಆಯ್ತು ಬಿಡಿ."

"ನಂದೂ ಆಯ್ತು ಬುಡಿ."

ಇಬ್ಬರೂ ಒಂದೇ ಸಲ ಬೇರೆ ಕಡೆ ನೋಡಿದರು.

ಅವಳಿಗೆ ಆಗ ಇಪ್ಪತ್ತಾರು ವರ್ಷ. ಹನ್ನೊಂದಕ್ಕೆ ಮದುವೆಯಾಗಿತ್ತು. ಗಂಡ ಮಳವಳ್ಳಿ ಕಡೆಯ ಹುಡುಗ. ಅವಳಿನ್ನೂ ಅವನ ಮನೆಯ ಹೊಸಿಲು ದಾಟುವ ಮೊದಲೇ ಜ್ವರದಲ್ಲಿ ಸತ್ತ. ಅವನ ಮುಖ ಅವಳಿಗೆ ನೆನಪಿರಲಿಲ್ಲ. ಬಾಸಿಂಗ ಮಾತ್ರ ನೆನಪಿತ್ತು. ಅಪ್ಪ ಚಿಕ್ಕಮಾದು ಮದ್ದೂರಿನಲ್ಲಿ ಜನರ ಮಾತಿಗೆ ಕಿವಿಗೊಡದೆ ಮಗಳನ್ನು ಓದಿಸಿದ. ಅವಳದೂ ಪುಟ್ಟರಾಜುವಿನದೂ ಒಂದೇ ಕುಲ. ಅದರಲ್ಲಿ ಗಂಡ ಸತ್ತವಳಿಗೆ ಮತ್ತೆ ಮದುವೆ ಮಾಡುವ ಕೂಡಿಕೆಯ ಪದ್ಧತಿ ಇತ್ತು. ಆದರೆ ಗದ್ದೆ ಮನೆ ಇದ್ದವರು ಅದನ್ನು ಮುಖ ಸಿಂಡರಿಸಿಕೊಂಡೇ ಹೇಳುತ್ತಿದ್ದರು. ಸೋಮಮ್ಮ ಆ ಯೋಚನೆಯನ್ನೇ ಮಾಡಿರಲಿಲ್ಲ.

ದಾಸವಾಳ ಮಳೆಗೆ ಚಿಗುರಿತು. ಒಂದು ಬೆಳಿಗ್ಗೆ ನೋಡಿದರೆ ಅದರ ಸುತ್ತ ಜಾಲಿಮುಳ್ಳಿನ ಬೇಲಿ. ಯಾರು ಕಟ್ಟಿದರೆಂದು ಕೇಳಬೇಕಾಗಿರಲಿಲ್ಲ. ಗೌರಿ ಹಬ್ಬದ ಹೊತ್ತಿಗೆ ದಿನಕ್ಕೆ ನಾಲ್ಕು ಹೂ, ದೀಪಾವಳಿಗೆ ಎಂಟು. ಹೂವಿಗಾಗಿ ಹುಡುಗಿಯರು ಸೂರ್ಯನ ಜೊತೆಗೇ ಬಂದು ಬಾಗಿಲಲ್ಲಿ ಕೂರತೊಡಗಿದರು. ಬಂದವರು ಸುಮ್ಮನೆ ಕೂರಲಾಗದೆ ಅಆಇಈ ತಿದ್ದಿದರು. ಸಂಕ್ರಾಂತಿ ಕಳೆದು ಇನ್‌ಸ್ಪೆಕ್ಟ್ರಮ್ಮ ಬಂದ ದಿನ ಎಣಿಸಿದರೆ ಹದಿನೇಳು ತಲೆ. ಸ್ಕೂಲು ಉಳಿಯಿತು.

ಊರಿನವರೆಲ್ಲ ಅವನನ್ನು ಪುಟ್ಟರಾಜಣ್ಣ ಎನ್ನುತ್ತಿದ್ದರು. ಸೋಮಮ್ಮನ ಬಾಯಿಗೆ 'ಅಣ್ಣ' ಬರಲಿಲ್ಲ. 'ಇವರೇ' ಎಂದು ಕರೆಯುತ್ತಿದ್ದಳು. ಅವನು ಗದ್ದೆಯ ಬದುವಿನಲ್ಲಿ ನಡೆದುಹೋದರೆ ಕರಿಹಲಗೆಯ ಮೇಲೆ ಸೀಮೆಸುಣ್ಣ ಒಂದು ಗಳಿಗೆ ನಿಲ್ಲುತ್ತಿತ್ತು. ಅವನೂ ಕಿಟಕಿಯ ಹತ್ತಿರ ಬಂದಾಗ ಕಾರಣವಿಲ್ಲದೆ ಬಗ್ಗಿ ಗದ್ದೆಗೆ ನೀರು ಬಿಡುವ ಮಡೆಯ ಮಣ್ಣು ಸರಿಮಾಡುತ್ತಿದ್ದ. ಆ ಮಡೆ ಇಡೀ ಊರಿನಲ್ಲೇ ಗಟ್ಟಿಯಾದ ಮಡೆಯಾಯಿತು.

ಬೇಸಿಗೆ ಬಂತು. ಹಂಚಿನ ಕೋಣೆ ಕಾದ ಹೆಂಚಾಯಿತು. ಬೆಳಿಗ್ಗೆ ಹೂವಿಗೆ ಓಡಿ ಬಂದ ಹುಡುಗಿಯರು ಹತ್ತು ಗಂಟೆಗೆ ತಲೆ ಹಿಡಿದುಕೊಂಡು ಮನೆಗೆ ಹೋಗತೊಡಗಿದರು. ಮೂರನೆಯ ದಿನ ಪುಟ್ಟರಾಜು ಗಾಡಿಯ ತುಂಬ ತೆಂಗಿನ ಗರಿ ತಂದು ಅಂಗಳದಲ್ಲಿ ಚಪ್ಪರ ಹಾಕಿದ.

"ನೀವು ಹೇಳಿದ್ದೇ ಸರಿ ಇತ್ತು, ಇವರೇ," ಎಂದಳು ಅವಳು, ನೀರಿನ ಚೊಂಬು ಕೊಡುತ್ತ. "ಹೊಂಗೆ ನೆಡಬೇಕಿತ್ತು."

"ಇಲ್ಲ, ನಿಮ್ದೇ ಸರಿ. ಒಂಗೆ ನೆಟ್ಟಿದ್ರೆ ಈಗ ಮಂಡಿಯುದ್ದ ಇರೋದು, ಇಸ್ಕೂಲ್ ಇರ್ತಿರ್ನಿಲ್ಲ."

"ಸೋಲೋಕೂ ಜಗಳ ಆಡ್ತೀರಲ್ಲ!"

"ನಿಮ್ ಕುಟೆ ಆಡೋಕೆ ಇನ್ಯಾವ್ ನೆಪ ಅದೆ ನಂಗೆ?"

ಅವಳು ತಲೆ ತಗ್ಗಿಸಿ ಸೆರಗಿನ ಅಂಚು ಸರಿಮಾಡಿಕೊಂಡಳು. ಆಮೇಲೆ ಕೇಳಿದಳು, "ಈಗ ನೆಟ್ರೆ? ಗರಸು ಅಗೆದು, ಕೆರೆಯ ಗೋಡು ಮಣ್ಣು ತುಂಬಿ?"

"ನೆಡಬೋದು. ಐದಾರ್ ಬೇಸ್ಗೆ ನೀರುಯ್ಯಬೇಕು."

"ಅಷ್ಟು ವರ್ಷ ನಾನಿಲ್ಲಿ ಇರಲ್ಲ."

"ಇರಿ," ಎಂದ ಪುಟ್ಟರಾಜು.

ಅಷ್ಟೇ. ಚೊಂಬನ್ನು ಜಗಲಿಯ ಮೇಲಿಟ್ಟು ಎತ್ತು ಹೂಡಲು ಹೋದ. ಅವಳು ಚೊಂಬನ್ನು ಒಳಗೆ ತಗೊಂಡು ಹೋಗಿ ಬಹಳ ಹೊತ್ತು ತೊಳೆದಳು. ಮೊದಲ ಮಳೆಗೆ ಹೊಂಗೆಯನ್ನೂ ನೆಟ್ಟರು.

ಜೂನಿನಲ್ಲಿ ವರ್ಗದ ಆರ್ಡರು ಬಂತು. ಮಳವಳ್ಳಿ ತಾಲ್ಲೂಕು, ಪೂರಿಗಾಲಿ. ಬೆಸಗರಹಳ್ಳಿಗೆ ಬೇರೊಬ್ಬರು ಬರುವವರಿದ್ದರು. ಹೊರಡುವ ದಿನ ಅವನು ಅವಳ ತಗಡಿನ ಟ್ರಂಕನ್ನು ಬಸ್ಸಿನ ಮೇಲೆ ಹಾಕಿದ. ಏನೋ ಹೇಳುವವನಂತೆ ಬಾಯಿ ತೆರೆದ. ಆಚೆ ಅವನ ತಾಯಿ ಅಂಕಮ್ಮ ನಿಂತಿದ್ದಳು. "ಉಸಾರು, ಮೇಷ್ಟ್ರಮ್ಮ," ಎಂದಷ್ಟೇ ಹೇಳಿದ. ಬಸ್ಸು ಮದ್ದೂರು ಮುಟ್ಟುವವರೆಗೂ ಸೋಮಮ್ಮನಿಗೆ ಸಿಟ್ಟು. ಮದ್ದೂರು ದಾಟಿದ ಮೇಲೆ ಅಳು.

ಪೂರಿಗಾಲಿಯಲ್ಲಿ ಎರಡು ತಿಂಗಳಾಯಿತು. ಒಂದು ಭಾನುವಾರ ಮಧ್ಯಾಹ್ನ ಯುದ್ಧದಿಂದ ಪೆಟ್ರೋಲು ಸಿಗದೆ ಇದ್ದಿಲಿನಲ್ಲಿ ಓಡುತ್ತಿದ್ದ ಬಸ್ಸು ಹೊಗೆ ಕಾರುತ್ತ ಬಂದು ಆಲದ ಕಟ್ಟೆಯ ಹತ್ತಿರ ನಿಂತಿತು. ಪುಟ್ಟರಾಜು ಇಳಿದ. ಒಗೆದ ಅಂಗಿ, ತೀಡಿದ ಕ್ರಾಪು. ಕಟ್ಟೆಯ ಪಕ್ಕದ ಅಂಚೆಯವರ ಮನೆಯಲ್ಲಿ ಕಾಗದ ಕೊಟ್ಟು ಹೊರಬರುತ್ತಿದ್ದ ಸೋಮಮ್ಮ ಅಲ್ಲೇ ನಿಂತಳು.

"ಏನು ಇಷ್ಟು ದೂರ?"

"ನಿಮ್ಮಪ್ಪನ್ ತಾವ ಓಗಿ ಕೇಳಾನ ಅಂತ ಒಂಟಿದ್ದೆ. ಮದ್ದೂರಲ್ಲಿ ಇಳೀಲಿಲ್ಲ. ಮೊದ್ಲು ನಿಮ್ಮನ್ ಕೇಳ್ಬೇಕು ಅನ್ನುಸ್ತು. ನನ್ನ ಕೂಡಿಕೆ ಆಯ್ತೀರಾ?"

ಅವಳು ಮೇಷ್ಟ್ರಮ್ಮನ ದನಿಯಲ್ಲೇ ಕೇಳಿದಳು, "ನಿಮ್ಮ ತಾಯಿ?"

"ಮೂರು ದಿನ ಮಾತಾಡ್ಲಿಲ್ಲ. ನಾಕ್ನೇ ದಿನ 'ಆ ಎಣ್ಮಗ ಮುದ್ದೆ ತಿರುವ್ತಾಳೇನ್ಲಾ?' ಅಂದ್ಲು."

"ತಿರುವ್ತೀನಿ. ಗಂಟಾಗುತ್ತೆ."

"ಗಂಟ್ನೇ ತಿಂತೀನಿ."

"ನಾನು ಕೆಲಸ ಬಿಡಲ್ಲ."

"ಬುಡು ಅಂದೋರ್ಯಾರು? ಆ ಕಡೀಕ್ ವರ್ಗ ಆಗೋಗಂಟ ವಾರಕ್ಕೊಂದ್ ಕಿತ ನಾನೇ ಬತ್ತೀನಿ."

ಬಸ್ಸಿನವನು ಹೊರಡಲು ಇದ್ದಿಲ ಒಲೆಯ ಗಾಳಿಯಂತ್ರ ತಿರುವತೊಡಗಿದ್ದ. ಗರ್ರ್ ಎನ್ನುವ ಸದ್ದು. ಸೋಮಮ್ಮನಿಗೆ ಹನ್ನೊಂದನೆಯ ವಯಸ್ಸಿನ ಆ ಬೆಳಗಿನ ಜಾವ ನೆನಪಾಯಿತು. ನಿದ್ದೆಗಣ್ಣಿನಲ್ಲಿ ಅಪ್ಪನ ಹೆಗಲ ಮೇಲೆ ಹಸೆಗೆ ಹೋಗಿದ್ದಳು. ಆವತ್ತು ಅವಳನ್ನು ಯಾರೂ ಏನೂ ಕೇಳಿರಲಿಲ್ಲ.

"ಇನ್ನೊಂದ್ಸಲ ಕೇಳಿ," ಎಂದಳು.

"ಕೇಳಿಸ್ನಿಲ್ವಾ?"

"ಕೇಳಿಸ್ತು. ಆದ್ರೂ ಕೇಳಿ."

ಯಂತ್ರದ ಸದ್ದು ಮೀರಿಸಬೇಕೆಂದು ಅವನು ಗಂಟಲೆತ್ತಿ, "ನನ್ನ ಕೂಡಿಕೆ ಆಯ್ತೀರಾ, ಸೋಮಮ್ಮಾರೆ?" ಎಂದು ಕೂಗಿದ. ಅದೇ ಗಳಿಗೆಗೆ ಸದ್ದು ನಿಂತಿತು. ಬಸ್ಸಿನೊಳಗಿನ ಇಪ್ಪತ್ತು ಮುಖ ಕಿಟಕಿಗೆ ಬಂದವು. ಪುಟ್ಟರಾಜುವಿನ ಕಿವಿ ಕೆಂಪಾಯಿತು. ಆದರೆ ಅವನು ತಲೆ ತಗ್ಗಿಸಲಿಲ್ಲ, ಅವಳನ್ನೇ ನೋಡುತ್ತ ನಿಂತ.

ಕಂಡಕ್ಟರು ಬಾಗಿಲಲ್ಲಿ ಜೋತುಬಿದ್ದು, "ಏನಾರ ಒಂದ್ ಯೋಳ್ಬುಡಿ, ಮೇಷ್ಟ್ರಮ್ಮ. ಇದ್ಲು ಉರಿದೋಯ್ತಾ ಅದೆ," ಎಂದ.

"ಆಯ್ತು," ಎಂದಳು ಸೋಮಮ್ಮ.

ಕಂಡಕ್ಟರಿಗೆ ಹೇಳಿದ್ದಲ್ಲ.