ಗಾಳಿಯಜ್ಜಿಯ ತಾಮ್ರದ ಬಿಂದಿಗೆ

ಬಹಳ ಬಹಳ ಹಿಂದೆ, ಕಡಲು ದಿನಾ ಬೆಳಿಗ್ಗೆ ಅಂಗಳದವರೆಗೂ ಬಂದು ಕ್ಷೇಮ ಕೇಳಿಕೊಂಡು ಹೋಗುತ್ತಿದ್ದ ಕಾಲದಲ್ಲಿ, ಘಟ್ಟಕ್ಕೂ ಕಡಲಿಗೂ ನಡುವೆ ತೆರೆಗೋಡು ಎಂಬ ರಾಜ್ಯವಿತ್ತು. ಅಲ್ಲಿಯ ಬೇಸಿಗೆಯ ಬಗ್ಗೆ ಏನು ಹೇಳಲಿ! ಚೈತ್ರ ಬಂತೆಂದರೆ ರಾಜ ಪದ್ಮಶೇಖರ ಮೈ ಒರೆಸುವ ಬೈರಾಸನ್ನು ಒದ್ದೆ ಮಾಡಿ ಕಿರೀಟದ ಕೆಳಗೆ ಹಾಕಿಕೊಳ್ಳುತ್ತಿದ್ದ. ಮಂತ್ರಿಗಳು ಕೆರೆಯಲ್ಲಿ ಕುತ್ತಿಗೆಯವರೆಗೆ ಮುಳುಗಿ ರಾಜ್ಯಭಾರದ ಮಾತಾಡುತ್ತಿದ್ದರು. ಎಮ್ಮೆಗಳು ಬಂದರೆ ಆ ದಿನಕ್ಕೆ ಸಭೆ ಮುಗಿಯಿತು.

ಆ ರಾಜ್ಯದಲ್ಲಿ ಒಂದು ಪದ್ಧತಿಯಿತ್ತು. ಯಾರ ಮನೆಯಿಂದ ಏನು ಬಂದರೂ ಆ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವಂತಿಲ್ಲ. ಒಂದು ಹಿಡಿ ಅಕ್ಕಿ, ನಾಲ್ಕು ಮೆಣಸು, ಏನೂ ಇಲ್ಲವೆಂದರೆ ಒಂದು ಹೂವಾದರೂ ಹಾಕಿ ಕೊಡಬೇಕು. ಪಾತ್ರೆಗಳು ಅದಲುಬದಲಾಗದಿರಲಿ ಎಂದು ತಳದಲ್ಲಿ ಹೆಸರು ಕೆತ್ತಿಸುತ್ತಿದ್ದರು.

ಉಪ್ಪಿನ ಆಗರದ ಪಕ್ಕದ ಗುಡಿಸಲಲ್ಲಿ ಸೋಮಿ ಎಂಬುವಳಿದ್ದಳು. ಗಂಡ ಬೀರನೂ ಅವಳೂ ಗದ್ದೆಗೆ ಕಡಲ ನೀರು ಕಟ್ಟಿ, ಬಿಸಿಲಿಗೆ ಒಣಗಿಸಿ, ಉಪ್ಪು ಎಳೆಯುವವರು. ಹಿಂದಿನ ಎರಡು ಬೇಸಿಗೆಗಳಲ್ಲಿ ಅವರ ಎರಡು ತೊಟ್ಟಿಲು ಬರಿದಾಗಿದ್ದವು. ಸೆಕೆ ತಡೆಯದೆ ಕೂಸುಗಳು ಬಾಡಿಹೋದವು. ಈ ಸಲ ಮೂರನೆಯದು ಹುಟ್ಟಿತ್ತು, ಹೆಣ್ಣು. ಬೇಸಿಗೆ ದಾಟಲಿ ಎಂದು ಇನ್ನೂ ಹೆಸರಿಟ್ಟಿರಲಿಲ್ಲ. ಹೆಸರಿಟ್ಟ ಮೇಲೆ ಕಳೆದುಕೊಳ್ಳುವುದು ಇನ್ನೂ ಕಷ್ಟ ಎಂಬುದು ಅವರಿಗೆ ಗೊತ್ತಿತ್ತು.

ಚೈತ್ರದ ಮೊದಲ ಬೆಳಿಗ್ಗೆ ಸೋಮಿ ಬಾಗಿಲು ತೆರೆದರೆ ಹೊಸ್ತಿಲ ಮೇಲೆ ಒಂದು ತಾಮ್ರದ ಬಿಂದಿಗೆ. ಮುಚ್ಚಳ ತೆಗೆದಳು. ಒಳಗಿನಿಂದ ಬಿಳಿ ಮಂಜಿನ ಕರುವೊಂದು ಹಾರಿ ಹೊರಬಂತು. ಮೈಕೊಡವಿ, ಅಂಗಳದಲ್ಲಿ ಬಿದ್ದಿದ್ದ ಬಿಸಿಲನ್ನು ಹುಲ್ಲು ಮೇಯ್ದ ಹಾಗೆ ಮೇಯತೊಡಗಿತು. ಅಂಗಳ ತಂಪಾಯಿತು. ಬೀದಿ ತಂಪಾಯಿತು. ಮಧ್ಯಾಹ್ನದೊಳಗೆ ರಾಜ್ಯವೇ ತಂಪಾಯಿತು. ಸಂಜೆ ಕರು ಬಂದು ಬಿಂದಿಗೆಯೊಳಗೆ ಮಲಗಿತು.

ಜನರ ಸಂತೋಷ ಕೇಳಬೇಡಿ. ರಾಜ ಬೈರಾಸು ತೆಗೆದು ಬರೀ ಕಿರೀಟ ಹಾಕಿಕೊಂಡ. ಕಂಬಳಿಯನ್ನೇ ಕಾಣದವರು ಗೋಣಿ ಹೊದ್ದು, "ಎಂತಾ ಚಳಿ ಮಾರಾಯ್ತಿ!" ಎಂದು ಹೆಮ್ಮೆಯಿಂದ ನಡುಗಿದರು. ಕೂಸು ಮೈಮರೆತು ನಿದ್ದೆ ಮಾಡಿತು. ಸೋಮಿ ಅದರ ಹಣೆ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ತಂಪಾಗಿಯೇ ಇತ್ತು.

ಆದರೆ ಆಗರದಲ್ಲಿ ಉಪ್ಪು ಮಾತ್ರ ಕಟ್ಟಲಿಲ್ಲ.

"ಬಿಂದಿಗೆ ಯಾರದ್ದೋ ಏನೋ. ಹಿಂದೆ ಕೊಡುವಾಗ ಒಳಗೆ ಹಾಕಲಿಕ್ಕೆ ಎಂತ ಉಂಟು ನಮ್ಮಲ್ಲಿ?" ಎಂದಳು ಸೋಮಿ.

"ಉಪ್ಪಾಗಲಿ, ಕೊಡುವ" ಎಂದ ಬೀರ. ಹೀಗೆ ಇವತ್ತು ನಾಳೆ ಎನ್ನುತ್ತ ತಿಂಗಳು ಕಳೆಯಿತು.

ಒಂದು ದಿನ ಆಸ್ಥಾನದ ಮಾಯಾವಿ ಕೆಂಡಗಣ್ಣ ಬಾಗಿಲಿಗೆ ಬಂದ. ಬೆಂಕಿಯ ಮಾಯೆಯವನು, ಉಸಿರು ಬಿಟ್ಟರೆ ಕಿಡಿ. "ಎಂತ ಹೆಣ್ಣೇ, ನಮ್ಮ ಮನೆ ಬಿಂದಿಗೆ ಇಷ್ಟು ದಿನ ಇಟ್ಟುಕೊಂಡಿದ್ದೀಯಲ್ಲ! ಕೊಡುವ ಅಂದಾಜು ಉಂಟೋ ಇಲ್ಲವೋ?"

ಸೋಮಿಗೆ ನಾಚಿಕೆಯಿಂದ ತಲೆ ತಗ್ಗಿತು. ಪಾತ್ರೆ ತಡಮಾಡಿದಳು ಎನಿಸಿಕೊಳ್ಳುವುದಕ್ಕಿಂತ ದೊಡ್ಡ ಅವಮಾನ ಆ ಊರಿನಲ್ಲಿರಲಿಲ್ಲ. ಗಡಿಬಿಡಿಯಲ್ಲಿ ಒಂದು ದಾಸವಾಳ ಹಾಕಿ ಬಿಂದಿಗೆ ಕೊಟ್ಟೇಬಿಟ್ಟಳು. ತಳ ತಿರುಗಿಸಿ ಹೆಸರು ನೋಡಲಿಲ್ಲ. ಮಲಗುವ ಜಾಗ ಹೋದಲ್ಲಿಗೇ ಕರುವೂ ಹೋಯಿತು.

ಕೆಂಡಗಣ್ಣ ಕರುವನ್ನು ಒಳಗೆ ಹಾಕಿ, ಮುಚ್ಚಳಕ್ಕೆ ಕಬ್ಬಿಣದ ಸರಿಗೆ ಸುತ್ತಿ, ಅರಮನೆಗೆ ಹೋಗಿ ಹೇಳಿದ: "ಪ್ರಭು, ತಂಪು ತಂದವನು ನಾನು. ಕಿರೀಟ ಕೊಟ್ಟರೆ ತಂಪು. ಕೊಡದಿದ್ದರೆ ಬೈರಾಸು."

ಬಿಸಿಲು ಮತ್ತೆ ಕಾಯತೊಡಗಿತು. ಐದನೆಯ ದಿನ ಬೆವರು ಒರೆಸಿಕೊಳ್ಳುತ್ತ ರಾಜ ಒಪ್ಪಿ, ಕಿರೀಟ ಕೊಡಲು ಸಭೆಯೊಂದಿಗೆ ಕೆಂಡಗಣ್ಣನ ಬಂಡೆಕೋಟೆಗೆ ಹೋದ. ಅದೇ ದಿನ ಕೂಸಿನ ಮೈ ತುಂಬ ಬೆವರುಸಾಲೆ ಎದ್ದು, ಅದು ಹಾಲು ಕುಡಿಯುವುದನ್ನು ಬಿಟ್ಟಿತು.

ಬೀರ ತಾಳೆಗರಿಯ ಬೀಸಣಿಗೆ ಬೀಸುತ್ತಲೇ ಹೇಳಿದ, "ನನ್ನ ಕೈ ನಿಲ್ಲುವುದಿಲ್ಲ. ನೀನು ಹೋಗಿ ಕರು ತಾ."

ಸೋಮಿ ಒಂದು ತಂಬಿಗೆ ಗಂಜಿ, ಒಂದು ತಂಬಿಗೆ ಮುರುಗಲ ಹಣ್ಣಿನ ಪಾನಕ, ಒಂದು ತೆಂಗಿನ ಗರಟೆ, ಒಂದು ಬೀಸಣಿಗೆ ಹಿಡಿದು ಕೆಂಡಗಣ್ಣನ ಬಂಡೆಕೋಟೆಗೆ ಹೊರಟಳು.

ಮೊದಲ ಬಾಗಿಲಲ್ಲಿ ಎತ್ತಿನಷ್ಟು ದೊಡ್ಡ ಕೆಂಡದ ಏಡಿ. "ಕತ್ತರಿಸಿಬಿಡ್ತೇನೆ!" ಎಂದಿತು.

"ಕತ್ತರಿಸು ಅಣ್ಣಾ. ಮೊದಲು ಇಷ್ಟು ಗಂಜಿ ಕುಡಿ. ಬಿಸಿಲಲ್ಲಿ ನಿಂತಿದ್ದೀಯ."

ಏಡಿ ಗರಟೆಯಲ್ಲಿ ಗಂಜಿ ಕುಡಿಯಿತು. ಗರಟೆ ಹಿಂದಿರುಗಿಸಲು ಹೋಗಿ ತಡೆದು ನಿಂತಿತು. ಎಷ್ಟೆಂದರೂ ಅದೂ ಅದೇ ಕರಾವಳಿಯದು. ಬರಿಗರಟೆ ಕೊಡಲು ಮನಸ್ಸಾಗಲಿಲ್ಲ. ತನ್ನ ಕತ್ತರಿಯಂಥ ಕೊಂಡಿಯ ತುದಿ ಮುರಿದು ಅದರಲ್ಲಿ ಹಾಕಿತು. "ಹೋಗು ತಂಗಿ."

ಎರಡನೆಯ ಬಾಗಿಲಲ್ಲಿ ಕಬ್ಬಿಣದ ಚರ್ಮದ ಮೊಸಳೆ. "ನುಂಗಿಬಿಡ್ತೇನೆ!" ಎಂದಿತು.

"ನುಂಗು ಮಾವಾ. ಮೊದಲು ಇಷ್ಟು ಪಾನಕ ಕುಡಿ. ಚರ್ಮ ಕಾದು ಹೋಗಿದೆ."

ಮೊಸಳೆ ಕುಡಿಯಿತು. "ನೂರು ವರ್ಷದಿಂದ ಕಾಯ್ತಿದ್ದೇನೆ. ಬಾಯಾರಿಕೆಯಾ ಅಂತ ಕೇಳಿದವರಿಲ್ಲ" ಎಂದು ಗರಟೆಗೆ ಒಂದು ಹನಿ ಕಣ್ಣೀರು ಹಾಕಿತು. ಮೊಸಳೆಯದಾದರೂ ಈ ಹನಿ ನಿಜವಾದದ್ದೇ.

ಮೂರನೆಯ ಬಾಗಿಲಲ್ಲಿ ಏಳು ನಾಲಗೆಯ ನಾಯಿ. ಏಳೂ ನಾಲಗೆ ಹೊರಗೆ ಚಾಚಿ ಏದುಸಿರು ಬಿಡುತ್ತಿತ್ತು. "ಹರಿದುಬಿಡ್ತೇನೆ!" ಎಂದಿತು.

ಸೋಮಿಯಲ್ಲಿ ಗಂಜಿ ಮುಗಿದಿತ್ತು, ಪಾನಕ ಮುಗಿದಿತ್ತು. "ಕೊಡಲಿಕ್ಕೆ ಏನೂ ಉಳಿದಿಲ್ಲ ತಮ್ಮಾ" ಎಂದು ಅದರ ಪಕ್ಕ ಕೂತು ಬೀಸಣಿಗೆ ಬೀಸಿದಳು. ಎರಡು ಬೇಸಿಗೆ ಎರಡು ಕೂಸುಗಳಿಗೆ ಬೀಸಿದ ಕೈ ಅದು. ಹೇಗೆ ಬೀಸಬೇಕೆಂದು ಗೊತ್ತಿತ್ತು. ಒಂದೊಂದಾಗಿ ಏಳೂ ನಾಲಗೆ ಒಳಗೆ ಹೋದವು. ನಾಯಿ ನಿದ್ದೆಹೋಯಿತು. ನಿದ್ದೆಹೋಗುವ ಮುಂಚೆ ಕೊರಳಿನ ಬೀಗದಕೈಯನ್ನು ಕಚ್ಚಿ ಗರಟೆಗೆ ಹಾಕಲು ಮರೆಯಲಿಲ್ಲ.

ಬೀಗ ತೆಗೆದು ಒಳಗೆ ಹೋದರೆ ತುಂಬಿದ ಸಭೆ. ರಾಜ ಕಿರೀಟವನ್ನು ಕೈಯಲ್ಲಿ ಹಿಡಿದು ನಿಂತಿದ್ದಾನೆ. ಕೆಂಡಗಣ್ಣ ತಲೆ ಬಗ್ಗಿಸಿದ್ದಾನೆ. ನಡುವೆ ಪೀಠದ ಮೇಲೆ ಬಿಂದಿಗೆ.

"ಒಂದು ನಿಮಿಷ ಪ್ರಭು. ಆ ಬಿಂದಿಗೆ ಯಾರದ್ದು ಅಂತ ತಳ ನೋಡಿದ್ದೀರಾ?" ಎಂದಳು ಸೋಮಿ.

ಒಂದು ತಿಂಗಳು ತಂಪು ಉಂಡವರಲ್ಲಿ ಒಬ್ಬರೂ ತಳ ನೋಡಿರಲಿಲ್ಲ. ರಾಜ ಬಿಂದಿಗೆಯನ್ನು ತಾನೇ ತಿರುಗಿಸಿ, ಕಣ್ಣು ಕಿರಿದು ಮಾಡಿ ಓದಿದ: "ದುಗ್ಗಮ್ಮ. ಘಟ್ಟದ ತುದಿ."

"ಯಾರವಳು?" ಎಂದ ಮಂತ್ರಿ.

"ಗಾಳಿಯಜ್ಜಿ ಮಾರಾಯ್ರೆ, ಗಾಳಿಯಜ್ಜಿ!" ಎಂದಳು ರಾಜನ ಮುದಿ ದಾದಿ. "ಸಣ್ಣವರಿರುವಾಗ ನಿಮಗೆಲ್ಲ ಕತೆ ಹೇಳಿದ್ದೆ. ಕೇಳುತ್ತಾ ಮಲಗಿದಿರಿ."

ಕೆಂಡಗಣ್ಣ ಬುಸುಗುಟ್ಟಿ ಬಾಯಿಂದ ಬೆಂಕಿ ಉಗುಳತೊಡಗಿದ. ಸೋಮಿ ಏಡಿಯ ಕೊಂಡಿಯಿಂದ ಸರಿಗೆ ಕತ್ತರಿಸಿದಳು. ಮುಚ್ಚಳ ತೆಗೆದರೆ ತಳದಲ್ಲಿ ಬೆಕ್ಕಿನ ಮರಿಯಷ್ಟಾಗಿ ಬಾಡಿದ ಕರು. ಮೊಸಳೆಯ ಕಣ್ಣೀರನ್ನು ಅದರ ಬಾಯಿಗೆ ಬಿಟ್ಟಳು. ಕರು ಕಣ್ಣು ಬಿಟ್ಟಿತು, ಎದ್ದಿತು, ಬೆಳೆಯಿತು. ಐದು ದಿನದ ಹಸಿವು ಬೇರೆ. ಎದುರಿಗೆ ಉರಿಯುತ್ತ ನಿಂತವನೊಬ್ಬನಿದ್ದ. ಕರು ಅವನ ಬೆಂಕಿಯನ್ನು ಮೇಯ್ದಿತು, ಕಿಡಿಯನ್ನು ಮೇಯ್ದಿತು, ಬೂದಿಯನ್ನೂ ನೆಕ್ಕಿ ಸ್ವಚ್ಛಮಾಡಿತು. ಕೊನೆಗೆ ಉಳಿದದ್ದು ಹಲ್ಲು ಕಟಕಟಿಸುವ ಒಬ್ಬ ಸಾಧಾರಣ ಮನುಷ್ಯ. "ಯಾರಾದರೂ ಒಂದು ಕಂಬಳಿ ಕೊಡಿಯಪ್ಪಾ" ಎಂದ. ಅವನ ಮಾಯೆ ಇಳಿಯುತ್ತಲೇ ಏಡಿ, ಮೊಸಳೆ, ನಾಯಿ ಮೊದಲಿನ ರೂಪ ಪಡೆದು ತಮ್ಮ ತಮ್ಮ ಮನೆಗೆ ಹೋದವು.

ಸೋಮಿ ಬಿಂದಿಗೆ ಹೊತ್ತು ಓಡಿದಳು. ಹಿಂದೆ ಕರು. ಗುಡಿಸಲ ಅಂಗಳದ ಬಿಸಿಲನ್ನು ಅದು ಎರಡೇ ಬಾಯಿಗೆ ಮುಗಿಸಿತು. ಕೂಸು ಒಮ್ಮೆ ಸೀನಿತು. ಆಮೇಲೆ ಹಾಲಿಗೆ ಬಾಯಿ ಹಾಕಿತು. ಬೀರ ಆಗ ಬೀಸಣಿಗೆ ಕೆಳಗಿಡಲು ಹೋದ. ಅವನ ಬೆರಳುಗಳು ಬಿಚ್ಚಲೇ ಇಲ್ಲ, ಸೋಮಿಯೇ ಬಿಡಿಸಬೇಕಾಯಿತು.

ಕರು ಇಲ್ಲದ ಐದು ದಿನ ಬಿಸಿಲು ಬಿದ್ದಿತ್ತಲ್ಲ, ಆಗರದ ಮೂಲೆಯಲ್ಲಿ ಮೂರು ಹಿಡಿ ಉಪ್ಪು ಕಟ್ಟಿತ್ತು. ಅಷ್ಟನ್ನೂ ಬಿಂದಿಗೆಗೆ ತುಂಬಿ, ಕೂಸನ್ನು ಸೊಂಟಕ್ಕೆ ಕಟ್ಟಿಕೊಂಡು ಸೋಮಿ ಘಟ್ಟ ಹತ್ತಿದಳು. ತುದಿಯಲ್ಲಿ ಬಿಳಿ ಕೂದಲು ಹಾರಿಸುತ್ತ ಗಾಳಿಯಜ್ಜಿ ದುಗ್ಗಮ್ಮ ಕೂತಿದ್ದಳು.

"ತಡವಾಯ್ತು ಅಜ್ಜಿ, ಬೈಯಬೇಡಿ" ಎಂದಳು ಸೋಮಿ.

"ತಡ ಮಾಡಿದವಳು ನಾನು ಮಗಾ. ನಿನ್ನ ಆ ಇಬ್ಬರ ಅಳು ಗಾಳಿಯಲ್ಲಿ ನನ್ನ ತನಕ ಬಂದಿತ್ತು. ಕರು ಹುಟ್ಟುವಷ್ಟರಲ್ಲಿ ಅಳು ನಿಂತುಹೋಗಿತ್ತು." ಅಜ್ಜಿ ಬಿಂದಿಗೆಯೊಳಗೆ ಬೆರಳದ್ದಿ ನಾಲಗೆಗಿಟ್ಟಳು. ಅವಳ ಕಣ್ಣರಳಿತು. "ಉಪ್ಪಾ! ಏಳುನೂರು ವರ್ಷದಿಂದ ಸಪ್ಪೆ ಗಂಜಿ ಉಣ್ಣುತ್ತಿದ್ದೇನೆ ಮಾರಾಯ್ತಿ!"

"ಬಿಸಿಲಿಲ್ಲದಿದ್ದರೆ ಇದು ಕಟ್ಟುವುದಿಲ್ಲ ಅಜ್ಜಿ."

"ಹಾಗಾದರೆ ಹಗಲು ಬಿಸಿಲು ನಿನ್ನ ಉಪ್ಪಿಗಿರಲಿ. ಹೊತ್ತು ಇಳಿಯುತ್ತಲೇ ಕರುವನ್ನು ಕಳಿಸುತ್ತೇನೆ. ಬಿಂದಿಗೆ ಬರಿದಾಗಿ ಕೊಡಲಿಕ್ಕೆ ನನಗೇನು ಬುದ್ಧಿಯಿಲ್ಲವಾ?" ಎಂದು ಅಜ್ಜಿ ಕೂಸಿನ ಕೆನ್ನೆ ಹಿಂಡಿದಳು. "ಇದರ ಹೆಸರೆಂತ?"

ಸೋಮಿ ಕೂಸನ್ನೂ ಅಜ್ಜಿಯನ್ನೂ ನೋಡಿದಳು. ಬೇಸಿಗೆ ಇನ್ನೂ ಒಂದು ತಿಂಗಳು ಉಳಿದಿತ್ತು. "ದುಗ್ಗಿ" ಎಂದಳು.

ಅಂದಿನಿಂದ ತೆರೆಗೋಡಿನಲ್ಲಿ ಹಗಲು ಬಿಸಿಲು, ಹೊತ್ತು ಇಳಿದರೆ ಘಟ್ಟದಿಂದ ತಂಗಾಳಿ. ಮಂತ್ರಿಗಳು ಕೆರೆಯನ್ನು ಎಮ್ಮೆಗಳಿಗೆ ಬಿಟ್ಟುಕೊಟ್ಟರು. ಕೆಂಡಗಣ್ಣ ಕಂಬಳಿ ಹೊದ್ದು ಆಗರದಲ್ಲಿ ಉಪ್ಪು ಎಳೆಯುತ್ತ, ಬಿಸಿಲು ಹಿತವಾಗಿದೆ ಎನ್ನುವ ರಾಜ್ಯದ ಏಕೈಕ ಮನುಷ್ಯನಾಗಿ ಸುಖವಾಗಿದ್ದ. ಬಿಂದಿಗೆ ಉಪ್ಪು ಹೊತ್ತು ಮೇಲೆ ಹೋಗುತ್ತಿತ್ತು, ತಂಪು ಹೊತ್ತು ಕೆಳಗೆ ಬರುತ್ತಿತ್ತು. ಇನ್ನು ಅದು ಯಾರದ್ದೆಂದು ಯಾರಿಗೂ ಅನುಮಾನ ಬೇಡವೆಂದು ಸೋಮಿ ತಳದಲ್ಲಿ ಅಜ್ಜಿಯ ಹೆಸರಿನ ಕೆಳಗೆ ಇನ್ನೊಂದು ಹೆಸರು ಕೆತ್ತಿಸಿದಳು. ಆ ದುಗ್ಗಿ ಬೆಳೆದು, ಮುದುಕಿಯಾಗಿ, ಮೊಮ್ಮಕ್ಕಳಿಗೆ ಆ ಅಕ್ಷರಗಳನ್ನು ಬೆರಳಿಂದ ಮುಟ್ಟಿಸಿ ಓದಿಸುತ್ತಿದ್ದಳಂತೆ.